ಮನೆ ವಿಮೆ: ಏನು ಹಾಳಾಯಿತು ಅನ್ನುವುದಕ್ಕಿಂತ ಯಾವುದರಿಂದ ಹಾಳಾಯಿತು ಅನ್ನುವುದು ಮುಖ್ಯ

(ತುಮಕೂರಿನಲ್ಲಿ ಮನೆ ಮಾಲೀಕರಿಗಾಗಿ ನಡೆದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗಾಳಿ ಮಳೆಗೆ ಮನೆ ಜಖಂ ಆದಾಗ ನಾವು ಮೊದಲು ಹೇಳುವುದು ಏನು ಹೋಯಿತು ಎಂದು. ಶೀಟು ಹೋಯಿತು, ಟಿವಿ ಹೋಯಿತು, ಗೋಡೆ ಬಿತ್ತು. ಹಾನಿ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬಂದು ಮೊದಲು ಕೇಳುವುದು ಬೇರೆ. ಯಾವುದರಿಂದ ಹೋಯಿತು? ಅದೇ ಗೋಡೆ ಪ್ರವಾಹದ ನೀರು ನುಗ್ಗಿ ಬಿದ್ದರೆ ಹಣ ಬರುತ್ತದೆ, ಹತ್ತು ವರ್ಷ ತಾರಸಿ ಸೋರಿ ಸೋರಿ ಬಿದ್ದರೆ ಬರುವುದಿಲ್ಲ. ಗೋಡೆ ಒಂದೇ, ಖರ್ಚೂ ಒಂದೇ, ಕಾರಣ ಬೇರೆ. ಇವತ್ತಿನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ ಇರುತ್ತದೆ.

ನಮ್ಮಲ್ಲಿ ಈಗ ಮನೆಗೆ ಸಿಗುವ ಮೂಲ ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವಿಮಾ ನಿಯಂತ್ರಣ ಪ್ರಾಧಿಕಾರ ಇದರ ಒಕ್ಕಣೆಯನ್ನು ನಿಗದಿ ಮಾಡಿರುವುದರಿಂದ ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಷರತ್ತುಗಳು ಒಂದೇ. ಪ್ರೀಮಿಯಂ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಒಂದು ವರ್ಷಕ್ಕೂ ಮಾಡಿಸಬಹುದು, ಹತ್ತು ವರ್ಷದವರೆಗೂ ಮಾಡಿಸಬಹುದು. ಪಾಲಿಸಿಯಲ್ಲಿ ಕಾರಣಗಳ ಪಟ್ಟಿಯೊಂದಿದೆ: ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಡ್ಗಿಚ್ಚು, ಹೊರಗಿನ ವಸ್ತು ಬಡಿದು ಆಗುವ ಹಾನಿ, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು ಪೈಪು ಒಡೆಯುವುದು, ಹೀಗೆ. ಪಟ್ಟಿಯಲ್ಲಿ ಇರುವ ಕಾರಣದಿಂದ ಹಾನಿಯಾದರೆ ವಿಮೆ ಉಂಟು, ಇಲ್ಲದಿದ್ದರೆ ಇಲ್ಲ.

ಬೆಂಕಿಯಿಂದ ಶುರು ಮಾಡೋಣ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ಫ್ರಿಜ್ಜಿನ ಹಿಂದೆ ವೈರು ಸುಟ್ಟು ಶಾರ್ಟ್ ಸರ್ಕ್ಯೂಟ್ ಆಯಿತು, ಬೆಂಕಿ ಹತ್ತಿ ಅಡುಗೆಮನೆಯ ಕಪಾಟು, ಕಿಟಕಿ, ಗೋಡೆಯ ಗಾರೆ ಎಲ್ಲ ಸುಟ್ಟಿತು ಎಂದುಕೊಳ್ಳಿ. ಕಪಾಟು, ಕಿಟಕಿ, ಗೋಡೆಗೆ ಹಣ ಬರುತ್ತದೆ. ಫ್ರಿಜ್ಜಿಗೆ ಬರುವುದಿಲ್ಲ. ಅತಿಯಾದ ವೋಲ್ಟೇಜು, ಶಾರ್ಟ್ ಸರ್ಕ್ಯೂಟು, ತನ್ನಿಂದ ತಾನೇ ಬಿಸಿಯೇರುವುದು, ವಿದ್ಯುತ್ ಸೋರಿಕೆ, ಇವುಗಳಿಂದ ಯಾವ ಯಂತ್ರ ಕೆಟ್ಟಿತೋ ಆ ಯಂತ್ರವನ್ನು ಮಾತ್ರ ಪಾಲಿಸಿ ಹೊರಗಿಡುತ್ತದೆ. ಅದರಿಂದ ಹಬ್ಬಿದ ಬೆಂಕಿ ಮಾಡಿದ ಹಾನಿಯನ್ನು ಒಳಗಿಡುತ್ತದೆ. ಈ ಷರತ್ತಿನ ಕೊನೆಯಲ್ಲಿ 'ಸಿಡಿಲೂ ಸೇರಿದಂತೆ' ಅನ್ನುವ ಮಾತೊಂದು ಇದೆ. ಜನ ಎಡವುವುದು ಅಲ್ಲಿಯೇ. ಸಿಡಿಲು ಪಟ್ಟಿಯಲ್ಲಿ ಇದೆಯಲ್ಲ ಎಂದು ಕೇಳುತ್ತೀರಿ. ಇದೆ. ಸಿಡಿಲು ನೇರವಾಗಿ ಮನೆಗೆ ಹೊಡೆದು ಪ್ಯಾರಪೆಟ್ ಒಡೆದರೆ, ಸಜ್ಜಾ ಬಿರುಕು ಬಿಟ್ಟರೆ, ಬೆಂಕಿ ಹತ್ತಿದರೆ ಹಣ ಉಂಟು. ಆದರೆ ದೂರದಲ್ಲೆಲ್ಲೋ ಲೈನಿಗೆ ಸಿಡಿಲು ಬಿದ್ದು ತಂತಿಯಲ್ಲಿ ಹರಿದು ಬಂದ ಹೈ ವೋಲ್ಟೇಜಿಗೆ ಟಿವಿ ಸುಟ್ಟರೆ ಮೂಲ ಪಾಲಿಸಿಯಲ್ಲಿ ಆ ಟಿವಿಗೆ ಹಣ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಇನ್ನೂ ಹೆಚ್ಚು ಕಾಣುವ ತೊಂದರೆ ಎಂದರೆ ಟ್ರಾನ್ಸ್‌ಫಾರ್ಮರ್ ಕಡೆ ನ್ಯೂಟ್ರಲ್ ತಂತಿ ಕಡಿದುಹೋಗುವುದು. ಆಗ 230 ವೋಲ್ಟ್ ಇರಬೇಕಾದ ಲೈನಿನಲ್ಲಿ 300, 350, ಕೆಲವು ಸಲ 400ರ ಹತ್ತಿರ ಬರುತ್ತದೆ. ಇಡೀ ಬೀದಿಯ ಟಿವಿ, ಮಿಕ್ಸಿ, ಬಲ್ಬು ಒಂದೇ ನಿಮಿಷದಲ್ಲಿ ಹೋಗುತ್ತವೆ. ಇದೂ ಹೊರಗೆ. ಇದು ಬೇಕೆಂದರೆ ವಿದ್ಯುತ್ ಮತ್ತು ಯಾಂತ್ರಿಕ ದೋಷದ ರಕ್ಷಣೆ ಎಂದು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು, ಇಲ್ಲವೇ ಗೃಹಸ್ಥರ ಪ್ಯಾಕೇಜ್ ಪಾಲಿಸಿ ತೆಗೆದುಕೊಳ್ಳಬೇಕು. ಅದರ ಜೊತೆಗೆ ಮೀಟರಿನ ಬಳಿ ಏಕಾಏಕಿ ನುಗ್ಗುವ ವೋಲ್ಟೇಜನ್ನು ತಡೆಯುವ ಸರ್ಜ್ ರಕ್ಷಕವೊಂದನ್ನೂ ಹೆಚ್ಚು ಕಡಿಮೆ ವೋಲ್ಟೇಜಿಗೆ ತಾನೇ ಕಟ್ ಆಗುವ ಸ್ವಿಚ್ಚನ್ನೂ ಹಾಕಿಸಿ, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ಒಣಗಿದ ಗುಂಡಿ ಅರ್ಥಿಂಗ್ ಕೆಲಸ ಮಾಡುವುದಿಲ್ಲ. ಬಯಲುಸೀಮೆಯ ಮಣ್ಣಿನಲ್ಲಿ ಏಪ್ರಿಲ್ ಹೊತ್ತಿಗೆ ಎಲ್ಲ ಗುಂಡಿಗಳೂ ಒಣಗಿರುತ್ತವೆ, ಸಿಡಿಲಿನ ಕಾಲವೂ ಅದೇ.

ಸಿಲಿಂಡರ್ ಸ್ಫೋಟ ಪಟ್ಟಿಯಲ್ಲಿದೆ. ಅದರ ಜೊತೆಗೆ ತುಂಬ ಜನಕ್ಕೆ ಗೊತ್ತಿಲ್ಲದ ಇನ್ನೊಂದು ರಕ್ಷಣೆ ಇದೆ. ಅಡುಗೆ ಅನಿಲದ ಪ್ರತಿ ಗ್ರಾಹಕರಿಗೂ ತೈಲ ಕಂಪನಿಗಳೇ ವಿಮೆ ಮಾಡಿಸಿರುತ್ತವೆ, ನಾವು ಪ್ರತ್ಯೇಕ ಪ್ರೀಮಿಯಂ ಕಟ್ಟುವುದಿಲ್ಲ. ಅನಿಲ ಅವಘಡದಲ್ಲಿ ಸಾವಾದರೆ ತಲಾ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ತಲಾ ಗರಿಷ್ಠ 2 ಲಕ್ಷ, ಗ್ರಾಹಕರ ನೋಂದಾಯಿತ ಮನೆಯ ಆಸ್ತಿ ಹಾನಿಗೆ ಗರಿಷ್ಠ 2 ಲಕ್ಷ. 'ನೋಂದಾಯಿತ ಮನೆ' ಅನ್ನುವ ಪದಕ್ಕೆ ಗಮನ ಕೊಡಿ. ಮನೆ ಬದಲಿಸಿ ಐದು ವರ್ಷವಾದರೂ ಗ್ಯಾಸ್ ಪುಸ್ತಕದಲ್ಲಿ ಹಳೆಯ ವಿಳಾಸವೇ ಇದ್ದರೆ ಆಸ್ತಿ ಹಾನಿಯ ಹಣ ಸಿಗುವುದು ಕಷ್ಟ. ನಾಳೆಯೇ ಏಜೆನ್ಸಿಗೆ ಹೋಗಿ ವಿಳಾಸ ಸರಿಮಾಡಿಸಿ. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ ರಸೀದಿ ಇಟ್ಟುಕೊಳ್ಳಿ. ಅವಘಡವಾದರೆ ಏಜೆನ್ಸಿಗೆ ಕೂಡಲೇ ಬರಹದಲ್ಲಿ ತಿಳಿಸಿ.

ಇನ್ನು ಗಾಳಿ ಮಳೆ. ಏಪ್ರಿಲ್, ಮೇ ತಿಂಗಳ ಸಂಜೆ ಆಲಿಕಲ್ಲಿನ ಜೊತೆ ಬರುವ ಗಾಳಿಗೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಶೀಟಿನ ಮನೆಗಳು, ಇಲ್ಲಿ ಗುಬ್ಬಿ, ತುರುವೇಕೆರೆ, ತಿಪಟೂರಿನ ಕಡೆ ತೆಂಗಿನ ಮರ ಬಿದ್ದ ಮನೆಗಳು ಪ್ರತಿ ವರ್ಷದ ಸುದ್ದಿ. ಎರಡಕ್ಕೂ ವಿಮೆ ಇದೆ. ಮರ ಬಿದ್ದದ್ದು ಗಾಳಿಗೆ ಎಂದು ತೋರಿಸಿದರೂ ಸರಿ, ಹೊರಗಿನ ವಸ್ತು ಬಡಿದದ್ದು ಎಂದರೂ ಸರಿ, ಎರಡೂ ಪಟ್ಟಿಯಲ್ಲಿವೆ. ಲಾರಿ ಬಂದು ಕಾಂಪೌಂಡಿಗೆ ಗುದ್ದಿದರೂ ಅಷ್ಟೇ. ಬಿದ್ದ ಮರ ಕಡಿಸಿ ಸಾಗಿಸುವ, ಅವಶೇಷ ತೆಗೆಸುವ ಖರ್ಚಿಗೆ ಕ್ಲೇಮಿನ ಮೊತ್ತದ ಶೇ 2ರವರೆಗೆ ಪ್ರತ್ಯೇಕವಾಗಿ ಸಿಗುತ್ತದೆ. ಎಂಜಿನಿಯರ್, ವಾಸ್ತುಶಿಲ್ಪಿಯ ಫೀಸಿಗೆ ಶೇ 5ರವರೆಗೆ.

ಶೀಟು ಯಾಕೆ ಹಾರುತ್ತದೆ ಅನ್ನುವುದನ್ನು ಒಂದು ನಿಮಿಷ ನೋಡೋಣ, ಸರ್ವೇಯರ್ ನೋಡುವುದೂ ಅದನ್ನೇ. ಗಾಳಿ ಶೀಟನ್ನು ಮೇಲಿನಿಂದ ತಳ್ಳುವುದಿಲ್ಲ. ಸೂರಿನ ಕೆಳಗೆ ನುಗ್ಗಿ ಒಳಗಿನಿಂದ ಎತ್ತುತ್ತದೆ. ಶೀಟನ್ನು ಅಡ್ಡಪೈಪಿಗೆ ಬಿಗಿಯುವ ಜೆ ಬೋಲ್ಟನ್ನು ಶೀಟಿನ ಉಬ್ಬಿನ ಮೇಲೆ ಹಾಕಬೇಕು. ತಗ್ಗಿನಲ್ಲಿ ಹಾಕಿದರೆ ನೀರು ಇಳಿದು ಬೋಲ್ಟು ತುಕ್ಕು ಹಿಡಿಯುತ್ತದೆ, ಒಂದು ದಿನ ಕಿತ್ತುಬರುತ್ತದೆ. ಅಗಲ ವಾಷರ್ ಇಲ್ಲದಿದ್ದರೆ ಬೋಲ್ಟು ಗಟ್ಟಿಯಾಗಿ ನಿಂತು ಶೀಟು ಮಾತ್ರ ಹರಿದುಕೊಂಡು ಹೋಗುತ್ತದೆ. ಮೂರು ಅಡ್ಡಪೈಪು ಇರುವ ಕಡೆ ತುದಿಯ ಎರಡಕ್ಕೆ ಮಾತ್ರ ಬೋಲ್ಟು ಹಾಕಿ ನಡುವಿನದನ್ನು ಬಿಡುವುದು ನಮ್ಮಲ್ಲಿ ಸಾಮಾನ್ಯ. ಶೀಟಿನ ಮೇಲೆ ಕಲ್ಲು ಹೇರುವ ರೂಢಿಯಂತೂ ಅಪಾಯ, ಶೀಟಿನ ಜೊತೆ ಕಲ್ಲೂ ಹಾರಿ ಪಕ್ಕದ ಮನೆಗೆ ಬೀಳುತ್ತದೆ. ಗರಿ, ಹುಲ್ಲು, ಟಾರ್ಪಾಲಿನ ಹೊದಿಕೆಯ ಮನೆ ಕಚ್ಚಾ ಕಟ್ಟಡದ ಲೆಕ್ಕಕ್ಕೆ ಬರುತ್ತದೆ. ಅಂಥ ಭಾಗ ಇದ್ದರೆ ಅರ್ಜಿಯಲ್ಲಿ ಬರೆದು ತಿಳಿಸಲೇಬೇಕು, ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ಇಡೀ ಪಾಲಿಸಿಗೇ ತೊಂದರೆ.

ಮಳೆಯ ವಿಷಯ ಇನ್ನೂ ಸೂಕ್ಷ್ಮ. ಪಟ್ಟಿಯಲ್ಲಿ ಬಿರುಗಾಳಿ ಇದೆ, ಪ್ರವಾಹ ಇದೆ, ಜಲಾವೃತ ಇದೆ. 'ಮಳೆ' ಎಂಬ ಪದ ಇಲ್ಲ. 2021ರ ನವೆಂಬರಿನಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರೂ ಜಿಲ್ಲೆಗಳಲ್ಲಿ ಮಳೆ ಹಿಡಿದು ಎಷ್ಟೋ ವರ್ಷದಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು, ಮನೆಗಳಿಗೆ ನೀರು ನುಗ್ಗಿತು. ಹಾಗೆ ನೀರು ನುಗ್ಗಿದ್ದು ಸ್ಪಷ್ಟವಾಗಿ ಪ್ರವಾಹ. ಆದರೆ ನಾಲ್ಕು ದಿನ ಜಡಿ ಹಿಡಿದು ಹಳೆಯ ಮಣ್ಣಿನ ಗೋಡೆ ನೆನೆದು, ಬಿಸಿಲು ಬಂದ ಮೇಲೆ ಐದನೇ ದಿನ ಕುಸಿಯುವುದು ಇನ್ನೂ ಹೆಚ್ಚು. ಮಣ್ಣಿನ ಗೋಡೆ ನೆನೆಯುವಾಗ ಬೀಳುವುದಕ್ಕಿಂತ ಒಣಗುವಾಗ ಬಿರುಕು ಬಿಟ್ಟು ಬೀಳುವುದುಂಟು. ಆಗ ಕಂಪನಿ ಇದು ಸವಕಳಿ, ನಿರ್ವಹಣೆಯ ಕೊರತೆ ಎನ್ನಬಹುದು. ಇದಕ್ಕೆ ಉತ್ತರ ದಾಖಲೆಯಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇಟ್ಟಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ದಿನಗಳಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತು ಎಂಬ ಅಂಕಿಅಂಶ ಪಡೆದು ಕ್ಲೇಮಿಗೆ ಲಗತ್ತಿಸಿ. ಗ್ರಾಮ ಆಡಳಿತಾಧಿಕಾರಿ ಮಾಡುವ ಮಹಜರಿನಲ್ಲಿ 'ಗೋಡೆ ಬಿದ್ದಿದೆ' ಎಂದಷ್ಟೇ ಬರೆದರೆ ಸಾಲದು. 'ಮನೆಯ ಸುತ್ತ ಇಷ್ಟು ಅಡಿ ನೀರು ನಿಂತು ಪಾಯ ನೆನೆದು ಉತ್ತರದ ಗೋಡೆ ಕುಸಿದಿದೆ' ಎಂದು ಕಾರಣ ಸಮೇತ ಇರಲಿ.

ಸರ್ಕಾರದ ಪರಿಹಾರ ಬರುತ್ತದಲ್ಲ, ವಿಮೆ ಯಾಕೆ ಎಂದು ಕೇಳುವವರು ಒಂದು ಅಂಕಿ ನೋಡಬೇಕು. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಮನೆಗೆ 1.2 ಲಕ್ಷ. ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಅದೂ ಹಾನಿ ಕನಿಷ್ಠ ಶೇ 15 ಇದ್ದರೆ. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ಹೆಚ್ಚು ಸೇರಿಸಿ ಕೊಟ್ಟಿದೆ. ಆದರೂ ಒಂದು ಕೋಣೆಯ ಗೋಡೆ ಎಬ್ಬಿಸಿ ಗಾರೆ ಮಾಡಿಸಲು ಈಗ ಎಷ್ಟಾಗುತ್ತದೆ ಎಂದು ಯಾವ ಮೇಸ್ತ್ರಿಯನ್ನಾದರೂ ಕೇಳಿ.

ನೆಲ ಕುಸಿತದ ರಕ್ಷಣೆಯೂ ಇದೆ, ಆದರೆ ಯಾವುದಕ್ಕೆ ಹಣ ಇಲ್ಲ ಎಂದು ಅದಕ್ಕೆ ಅಂಟಿಸಿದ ಷರತ್ತುಗಳನ್ನು ಓದದೆ ಇರಬೇಡಿ. ಹೊಸ ಮನೆ ಸಹಜವಾಗಿ ಕೂರುವಾಗ ಬೀಳುವ ಬಿರುಕಿಗೆ ಇಲ್ಲ. ಕೆಟ್ಟ ವಿನ್ಯಾಸ, ಕಳಪೆ ಸಾಮಗ್ರಿಗೆ ಇಲ್ಲ. ಪಕ್ಕದ ಸೈಟಿನಲ್ಲಿ ಪಾಯ ಅಗೆದದ್ದರಿಂದ ಜರುಗಿದರೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣು ತುಂಬಿ ಎತ್ತರಿಸಿದ ನೆಲ ಕುಸಿದರೆ ಇಲ್ಲ. ಕೆರೆಯಂಚಿನ ತಗ್ಗು, ಹಳೆಯ ಬಾವಿ, ರಾಜಕಾಲುವೆಯ ಪಕ್ಕ, ಇಂಥ ಕಡೆ ಮಣ್ಣು ಹೊಡೆಸಿ ಮಾಡಿದ ಬಡಾವಣೆಗಳು ತುಮಕೂರಿನ ಸುತ್ತ ಎಷ್ಟಿವೆ ಎಂದು ನಿಮಗೇ ಗೊತ್ತು. ಅಂಥ ಸೈಟಿನಲ್ಲಿ ನಿಮ್ಮ ಮನೆಯನ್ನು ಕಾಯುವುದು ವಿಮೆಯಲ್ಲ, ಪಾಯ. ಗಟ್ಟಿ ನೆಲ ಸಿಗುವವರೆಗೆ ಅಗೆದು ಕಾಲಂ ಎಬ್ಬಿಸಬೇಕು.

ಕಲ್ಲು ಕ್ವಾರಿಗಳ ಹತ್ತಿರ ಇರುವವರ ಪ್ರಶ್ನೆ ಚಿಕ್ಕಬಳ್ಳಾಪುರ, ಕೋಲಾರದ ಕಡೆಯಿಂದ ಸದಾ ಬರುತ್ತದೆ. ಸಿಡಿಮದ್ದಿಗೆ ಚಿಮ್ಮಿದ ಕಲ್ಲು ಹಾರಿ ಬಂದು ಹೆಂಚು ಒಡೆದರೆ ಅದು ಹೊರಗಿನ ವಸ್ತು ಬಡಿದ ಹಾನಿ, ಕ್ಲೇಮು ಆಗುತ್ತದೆ. ದಿನಾ ಅದುರಿ ಅದುರಿ ವರ್ಷಗಟ್ಟಲೆ ಬಿದ್ದ ಬಿರುಕನ್ನು ವಿಮೆಯಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ಅದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ದೂರು ಕೊಡುವುದೇ ದಾರಿ. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಭೂಮಿ ಕಂಪಿಸಿತ್ತು, ತೀವ್ರತೆ ಮೂರರ ಆಸುಪಾಸು. ಭೂಕಂಪ ಪಟ್ಟಿಯಲ್ಲಿದೆ. ಆದರೆ ಬಿರುಕು ಕಂಪನಕ್ಕಿಂತ ಮೊದಲೇ ಇತ್ತೋ ಆಮೇಲೆ ಬಂತೋ ಎಂದು ಕೇಳಿದರೆ ನಿಮ್ಮ ಬಳಿ ಉತ್ತರ ಇರಬೇಕು. ವರ್ಷಕ್ಕೊಮ್ಮೆ, ಪಾಲಿಸಿ ನವೀಕರಿಸುವ ದಿನವೇ, ಪ್ರತಿ ಕೋಣೆಯ ನಾಲ್ಕೂ ಗೋಡೆ, ಸೂರು, ನೆಲದ ಫೋಟೊ ತೆಗೆದು ನಿಮಗೆ ನೀವೇ ಮೇಲ್ ಮಾಡಿಟ್ಟುಕೊಳ್ಳಿ. ದಿನಾಂಕ ತಾನಾಗಿ ದಾಖಲಾಗುತ್ತದೆ.

ಟ್ಯಾಂಕು, ಪೈಪಿನ ವಿಷಯ ಚಿಕ್ಕದು. ತಾರಸಿಯ ಟ್ಯಾಂಕು ಒಡೆದು, ಗೋಡೆಯೊಳಗಿನ ಪೈಪು ಸಿಡಿದು ನೀರು ತುಂಬಿ ಸೀಲಿಂಗು, ಬೀರು, ಹಾಸಿಗೆ ಹಾಳಾದರೆ ರಕ್ಷಣೆ ಇದೆ. ತಿಂಗಳುಗಟ್ಟಲೆ ತೊಟ್ಟಿಕ್ಕಿ ಬಂದ ತೇವ, ಪಾಚಿ, ಉದುರಿದ ಬಣ್ಣ, ಗೆದ್ದಲು ಇವುಗಳಿಗೆ ಇಲ್ಲ. ಹಠಾತ್ತಾಗಿ ಆದದ್ದು ಒಳಗೆ, ನಿಧಾನವಾಗಿ ಆದದ್ದು ಹೊರಗೆ ಎಂದು ನೆನಪಿಟ್ಟುಕೊಂಡರೆ ಸಾಕು.

ಕಳ್ಳತನ. ಬಹುಪಾಲು ಜನ ಮನೆ ವಿಮೆ ಎಂದ ಕೂಡಲೇ ನೆನೆಯುವುದು ಇದನ್ನೇ, ಮೂಲ ಪಾಲಿಸಿಯಲ್ಲಿ ಇಲ್ಲದಿರುವುದೂ ಇದೇ. ಬೆಂಕಿಯೋ ಪ್ರವಾಹವೋ ಆಗಿ, ಅದರ ಗದ್ದಲದಲ್ಲಿ 7 ದಿನದೊಳಗೆ ಸಾಮಾನು ಕಳವಾದರೆ ಮಾತ್ರ ಹಣ. ಬೀಗ ಮುರಿದು ಕದ್ದದ್ದಕ್ಕೆ ಕನ್ನಗಳವಿನ ರಕ್ಷಣೆಯನ್ನು ಬೇರೆಯಾಗಿ ಸೇರಿಸಬೇಕು. ಅದನ್ನು ಸೇರಿಸುವಾಗ ಮನೆಗೆ ಬೀಗ ಹಾಕಿ ಎಷ್ಟು ದಿನ ಊರಿಗೆ ಹೋಗಬಹುದು ಎಂಬ ಷರತ್ತನ್ನು ಕೇಳಿ ಬರೆಸಿಕೊಳ್ಳಿ. ಒಡವೆಗೆ ಐಚ್ಛಿಕವಾಗಿ ಬೆಲೆಬಾಳುವ ವಸ್ತುಗಳ ರಕ್ಷಣೆ ಇದೆ. ಒಟ್ಟು 5 ಲಕ್ಷದವರೆಗೆ, ಒಂದೊಂದು ಒಡವೆ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನ ಪತ್ರ ಬೇಕಿಲ್ಲ. ನಗದು ಹಣ, ಪತ್ರಗಳು, ವಾಹನಗಳಿಗೆ ಸಾಮಾನ್ಯವಾಗಿ ಇಲ್ಲವೇ ಇಲ್ಲ.

ಮನೆ ಅಂದರೆ ಏನು ಅನ್ನುವುದಕ್ಕೂ ಅರ್ಥ ಇದೆ. ವಾಸದ ಕಟ್ಟಡ, ಅದರ ಜೊತೆ ಗ್ಯಾರೇಜು, ಕಾಂಪೌಂಡು, ಗೇಟು, ವರಾಂಡ, ಸೆಪ್ಟಿಕ್ ಟ್ಯಾಂಕು, ನೀರಿನ ತೊಟ್ಟಿ, ಸೋಲಾರ್ ಫಲಕ ಎಲ್ಲ ಸೇರುತ್ತವೆ. ಆದರೆ ತಿಪಟೂರಿನ ಕಡೆಯ ಮನೆಗಳ ಅಟ್ಟ ನೆನೆಸಿಕೊಳ್ಳಿ. ಅಡುಗೆಮನೆಯ ಮೇಲೆ, ನಡುಮನೆಯ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲಿಕ್ಕೆ ಬಿಟ್ಟ ಸಾವಿರಾರು ತೆಂಗಿನಕಾಯಿ, ಒಳಗೆ ಗಿಟುಕಾಗಿ ಗುಡುಗುಡು ಎನ್ನುವ ಉಂಡೆ ಕೊಬ್ಬರಿ. ಬೆಂಕಿ ಬಿದ್ದರೆ ಅದು ಎಣ್ಣೆಯ ಹಾಗೆ ಉರಿಯುತ್ತದೆ. ಮನೆ ಸುಟ್ಟದ್ದಕ್ಕೆ ಹಣ ಬರಬಹುದು. ಕೊಬ್ಬರಿ ಮಾರಾಟದ ಸರಕು, ಮನೆಯ ಸಾಮಾನಲ್ಲ, ಅದಕ್ಕೆ ಇಲ್ಲ. ಶಿಡ್ಲಘಟ್ಟದಲ್ಲಿ ಮನೆಯ ಮುಂಭಾಗದಲ್ಲೇ ರೇಷ್ಮೆ ನೂಲು ತೆಗೆಯುವವರ ಯಂತ್ರ, ಗೂಡು, ನೂಲಿನ ಕತೆಯೂ ಅದೇ. ಹುಳು ಸಾಕುವ ಮನೆ, ದನದ ಕೊಟ್ಟಿಗೆ ಕೂಡ ವಾಸದ ಮನೆಯಲ್ಲ. ಸಣ್ಣ ಉದ್ಯಮಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಬೇರೆ ಪಾಲಿಸಿ ಇದೆ, ಒಂದು ಸ್ಥಳದ ಒಟ್ಟು ಆಸ್ತಿ 5 ಕೋಟಿಯವರೆಗೆ ಇರುವವರಿಗೆ. ಅಟ್ಟ ತುಂಬಿಸುವ ಮೊದಲು, ರಾಟೆ ಕೂರಿಸುವ ಮೊದಲು ಕಂಪನಿಗೆ ಬರೆದು ತಿಳಿಸಿ. ಬಾಯಿ ಮಾತು ಸಾಲದು.

ಎಷ್ಟು ಮೊತ್ತಕ್ಕೆ ಮಾಡಿಸಬೇಕು? ಸೈಟಿನ ಬೆಲೆ ಸೇರಿಸಬೇಡಿ, ನೆಲ ಸುಟ್ಟುಹೋಗುವುದಿಲ್ಲ. ಮನೆಯೊಳಗಿನ ಕಾರ್ಪೆಟ್ ವಿಸ್ತೀರ್ಣವನ್ನು, ಅಂದರೆ ಗೋಡೆಗಳ ನಡುವೆ ಬಳಕೆಗೆ ಸಿಗುವ ನೆಲವನ್ನು, ಇವತ್ತು ಕಟ್ಟಿಸಲು ತಗಲುವ ದರದಿಂದ ಗುಣಿಸಿ. 1,000 ಚದರಡಿ, ಚದರಡಿಗೆ 2,000 ರೂಪಾಯಿ ಎಂದಾದರೆ 20 ಲಕ್ಷ. ಕಾಂಪೌಂಡು, ಸಂಪು, ಸೋಲಾರಿನ ಬೆಲೆಯನ್ನು ಪ್ರತ್ಯೇಕ ಸೇರಿಸಿ. ಕಟ್ಟಡದ ಮೊತ್ತದ ಶೇ 20ರಷ್ಟು ಒಳಗಿನ ಸಾಮಾನಿಗೆ ತಾನಾಗಿ ಸಿಗುತ್ತದೆ, ಗರಿಷ್ಠ 10 ಲಕ್ಷ. ಅಂದರೆ ಈ ಮನೆಗೆ 4 ಲಕ್ಷ. ಅದಕ್ಕಿಂತ ಹೆಚ್ಚಿನ ಸಾಮಾನಿದ್ದರೆ ಪಟ್ಟಿ ಕೊಟ್ಟು ಏರಿಸಿ. ಬಹುವರ್ಷದ ಪಾಲಿಸಿಯಲ್ಲಿ ಮೊತ್ತ ವರ್ಷಕ್ಕೆ ಶೇ 10ರಂತೆ ತಾನೇ ಏರುತ್ತದೆ. ಬಾಡಿಗೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಮೇಲೊಂದು ಮಹಡಿ ಎಬ್ಬಿಸಿ ವಿಸ್ತೀರ್ಣ ಶೇ 10ಕ್ಕಿಂತ ಹೆಚ್ಚಾದರೆ ಕಂಪನಿಗೆ ತಿಳಿಸಲೇಬೇಕು. ಬ್ಯಾಂಕ್ ಸಾಲದ ಜೊತೆ ವಿಮೆ ಮಾಡಿಸಿದ್ದರೆ ಪಾಲಿಸಿಯ ಪ್ರತಿ ಕೇಳಿ ಪಡೆದು, ಮೊತ್ತ ಸಾಲದಷ್ಟೇ ಇದೆಯೋ ಮನೆಯಷ್ಟಿದೆಯೋ ನೋಡಿ. ಸಾಲ ತೀರುವ ಹೊತ್ತಿಗೆ ಪಾಲಿಸಿಯೂ ಮುಗಿದಿರುತ್ತದೆ, ಯಾರೂ ನೆನಪಿಸುವುದಿಲ್ಲ.

ಇನ್ನು ಹಾನಿಯಾದ ದಿನ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಸಿಲಿಂಡರ್ ಮುಚ್ಚಿ, ಬೆಂಕಿಯಾದರೆ 112ಕ್ಕೆ ಕರೆ ಮಾಡಿ. ಅಗ್ನಿಶಾಮಕ ದಳದ ವರದಿ ಆಮೇಲೆ ಬೇಕಾಗುತ್ತದೆ, ನೀವೇ ನಂದಿಸಿದರೂ ತಿಳಿಸಿ. ಅದೇ ದಿನ ವಿಮಾ ಕಂಪನಿಗೆ ತಿಳಿಸಿ ಕ್ಲೇಮು ಸಂಖ್ಯೆ ಬರೆದುಕೊಳ್ಳಿ. ಕ್ಲೇಮು ಅರ್ಜಿಯನ್ನು ಹಾನಿ ಕಂಡ 30 ದಿನದೊಳಗೆ ಕೊಡಬೇಕು.

ನೀರು ನುಗ್ಗಿದ ಮನೆಯಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸ ತೊಳೆಯುವುದು. ತಡೆಯಿರಿ. ನೀರು ಇಳಿದ ಮೇಲೆ ಗೋಡೆಯ ಮೇಲೆ ಕೆಸರಿನ ಗೆರೆಯೊಂದು ನಿಂತಿರುತ್ತದೆ. ಅಳತೆ ಟೇಪನ್ನು ನೆಲಕ್ಕೆ ಹಚ್ಚಿ ಆ ಗೆರೆಯವರೆಗೆ ಹಿಡಿದು, ಅಂಕಿ ಕಾಣುವಂತೆ ಪ್ರತಿ ಕೋಣೆಯಲ್ಲೂ ಫೋಟೊ ತೆಗೆಯಿರಿ. 26 ಇಂಚು ಎಂದು ಟೇಪು ತೋರಿಸಿದರೆ ಅದರ ಕೆಳಗಿದ್ದ ವಾಷಿಂಗ್ ಮಷಿನ್, ಮಂಚ, ಅಕ್ಕಿ ಚೀಲ, ಬೀರುವಿನ ಕೆಳ ಅರೆ ಎಲ್ಲಕ್ಕೂ ಸಾಕ್ಷಿ ಅದೊಂದೇ ಗೆರೆ. ಯಂತ್ರಗಳ ಹಿಂಭಾಗದ ಮಾದರಿ ಸಂಖ್ಯೆಯ ಚೀಟಿಯನ್ನು ಹತ್ತಿರದಿಂದ ತೆಗೆಯಿರಿ. ಫ್ರಿಜ್ಜಿನ ಚೀಟಿ ಸಾಮಾನ್ಯವಾಗಿ ಒಳಗೆ ತರಕಾರಿ ಡಬ್ಬದ ಪಕ್ಕ ಇರುತ್ತದೆ. ಆಮೇಲೆ ತೊಳೆಯಿರಿ. ಹಾಳಾದ ವಸ್ತುಗಳನ್ನು ಗುಜರಿಗೆ ಹಾಕದೆ ಸರ್ವೇಯರ್ ನೋಡುವವರೆಗೆ ಅಂಗಳದಲ್ಲಿಡಿ. ಹಾನಿ ಹೆಚ್ಚಾಗದಂತೆ ತಡೆಯುವುದು ನಿಮ್ಮ ಹೊಣೆ: ಹಾರಿದ ಸೂರಿಗೆ ಟಾರ್ಪಾಲು ಕಟ್ಟಿ, ಅದರ ಬಿಲ್ಲು ಇಟ್ಟುಕೊಳ್ಳಿ.

ಮೇಸ್ತ್ರಿಯ ಅಂದಾಜು ಪಟ್ಟಿಯಲ್ಲಿ 'ಸೂರು ರಿಪೇರಿ 45,000' ಎಂದು ಒಂದೇ ಸಾಲು ಇದ್ದರೆ ಸರ್ವೇಯರ್ ಅದನ್ನು ಕಡಿತ ಮಾಡದೆ ಬಿಡುವುದಿಲ್ಲ. 8 ಅಡಿ ಶೀಟು ಎಷ್ಟು, ಜೆ ಬೋಲ್ಟು ವಾಷರು ಎಷ್ಟು, ಪೈಪು ಎಷ್ಟು ಅಡಿ, ಗಾರೆ ಎಷ್ಟು ಚದರಡಿ, ಕೂಲಿ ಎಷ್ಟು ದಿನದ್ದು, ಹೀಗೆ ಬಿಡಿಸಿ ಬರೆಸಿ. ಮನೆ ವಾಸಕ್ಕೆ ಯೋಗ್ಯವಿಲ್ಲದಾಗ ಬೇರೆ ಕಡೆ ಇದ್ದ ಬಾಡಿಗೆ, ಅಥವಾ ನಿಮಗೆ ಬರುತ್ತಿದ್ದ ಬಾಡಿಗೆ ನಿಂತದ್ದು ಕೂಡ ಪಾಲಿಸಿಯಲ್ಲಿದೆ. ಕರಾರು ಪತ್ರ, ರಸೀದಿ ಇಟ್ಟುಕೊಳ್ಳಿ.

ಕ್ಲೇಮು ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ, ಷರತ್ತಿನ ಸಂಖ್ಯೆ ಸಮೇತ ಕೇಳಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೊದಲು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. 50 ಲಕ್ಷದವರೆಗಿನ ಪರಿಹಾರದ ಅಧಿಕಾರ ಅವರಿಗಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು. ಪಾಲಿಸಿಯ ಪ್ರತಿ, ತಿರಸ್ಕಾರದ ಪತ್ರ, ನೀವು ಬರೆದ ದೂರು, ಟೇಪು ಹಿಡಿದ ಆ ಫೋಟೊಗಳು, ಮಳೆಯ ಅಂಕಿಅಂಶ, ಮಹಜರು ಇವಿಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ. ಮೊದಲ ಪುಟದ ಮೊದಲ ಸಾಲಿನಲ್ಲೇ ಹಾನಿ ಯಾವುದರಿಂದ ಆಯಿತು ಎಂದು ಬರೆಯಿರಿ.